ಮೃದಂಗವೂ ವಜ್ರವೂ

ಸರ್ ಚಂದ್ರಶೇಖರ ವೆಂಕಟರಾಮನ್ನರ ಹೆಸರನ್ನು ಎತ್ತಿದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಬೆಳಕು. ಸಮುದ್ರದ ನೀಲಿ, 1928ನೆಯ ಇಸವಿಯ ಫೆಬ್ರವರಿ 28, 1930ರ ನೊಬೆಲ್ ಪಾರಿತೋಷಕ - ಈ ಮೂರು ಮೆಟ್ಟಿಲುಗಳನ್ನು ಹತ್ತಿದರೆ ಅವರ ಚರಿತ್ರೆ ಮುಗಿಯಿತೆಂದು ಪಠ್ಯಪುಸ್ತಕಗಳು ಎಣಿಸಿದಂತಿದೆ. ಮಡಿಕೇರಿಯಲ್ಲಿ ಬಹುಕಾಲ ಭೌತವಿಜ್ಞಾನದ ಪಾಠ ಹೇಳಿದ ನನಗಾದರೋ ಅವರ ಬಾಳು ಬೆಳಕಿನ ಕಥೆಗಿಂತ ಮಿಗಿಲಾಗಿ ನಾದದ ಕಥೆಯೆಂದೇ ತೋರುತ್ತದೆ. ಒಂದಕ್ಕೊಂದು ಕಟ್ಟುಬಿದ್ದ ವಸ್ತುಗಳು ಕೂಡಿ ಕಂಪಿಸುವಾಗ ಯಾವ ಯಾವ ಸ್ವರಗಳನ್ನು ಹೊರಡಿಸಬಲ್ಲವು? ತಂತಿಯಲ್ಲಿ, ತೊಗಲಿನಲ್ಲಿ, ಅಣುವಿನಲ್ಲಿ, ಕಟ್ಟಕಡೆಗೆ ವಜ್ರದಲ್ಲಿ ರಾಮನ್ನರು ಕೇಳುತ್ತ ಹೋದದ್ದು ಈ ಒಂದೇ ಪ್ರಶ್ನೆಯನ್ನು. ಅವರಿಗೆ ಕೀರ್ತಿಯನ್ನು ತಂದದ್ದು ಇದೇ ಪ್ರಶ್ನೆ. ಅವರ ಬಾಳಿನ ಅತಿ ದೊಡ್ಡ ಸೋಲನ್ನು ತಂದದ್ದೂ ಇದೇ. ಒಂದನ್ನು ಹೇಳಿ ಮತ್ತೊಂದನ್ನು ಮುಚ್ಚಿಟ್ಟರೆ ಆ ಬಾಳಿಗೆ ನಾವು ನ್ಯಾಯ ಸಲ್ಲಿಸಿದಂತಾಗದು.

ವಿಜ್ಞಾನದ ಪರಿಚಯ ಹೆಚ್ಚಾಗಿಲ್ಲದ ವಾಚಕರಿಗಾಗಿ ಪ್ರಶ್ನೆಯನ್ನು ಮೊದಲು ತಿಳಿಯಾಗಿ ಹೇಳಬೇಕು. ಎರಡು ಮರಗಳ ನಡುವೆ ಒಂದು ಹಗ್ಗವನ್ನು ತುಸು ಸಡಿಲವಾಗಿ ಕಟ್ಟಿ, ಅದರಿಂದ ಸಮ ಉದ್ದದ ಎರಡು ದಾರಗಳಲ್ಲಿ ಸಮ ತೂಕದ ಎರಡು ಕಲ್ಲುಗಳನ್ನು ಇಳಿಬಿಡಿ. ಒಂದನ್ನು ಹಗ್ಗಕ್ಕೆ ಅಡ್ಡಲಾಗಿ ತೂಗಿಬಿಟ್ಟರೆ ಅದರ ಚಲನೆ ಕ್ರಮೇಣ ಕುಗ್ಗುತ್ತ ಬಂದು, ಸುಮ್ಮನಿದ್ದ ಕಲ್ಲು ತೂಗತೊಡಗುತ್ತದೆ; ಸ್ವಲ್ಪ ಹೊತ್ತಿನ ಮೇಲೆ ಅದು ತಾನು ಪಡೆದ ಚಲನೆಯನ್ನು ಮೊದಲಿನದಕ್ಕೆ ಹಿಂತಿರುಗಿಸುತ್ತದೆ. ನೋಡುವವರಿಗೆ ಇದೊಂದು ಗೊಂದಲ. ಆದರೆ ಎರಡನ್ನೂ ಒಂದೇ ಕಡೆಗೆ ಎಳೆದು ಬಿಟ್ಟರೆ ಎರಡೂ ಜೊತೆಯಾಗಿ ಒಂದೇ ಲಯದಲ್ಲಿ ತೂಗುತ್ತವೆ. ವಿರುದ್ಧ ದಿಕ್ಕುಗಳಿಗೆ ಎಳೆದು ಬಿಟ್ಟರೆ ಕೊನೆಯವರೆಗೂ ವಿರುದ್ಧವಾಗಿಯೇ, ಬೇರೊಂದು ಲಯದಲ್ಲಿ ತೂಗುತ್ತವೆ. ಶುದ್ಧವಾದ ಈ ಎರಡು ಚಲನೆಗಳನ್ನು ಭೌತವಿಜ್ಞಾನಿಗಳು ನಾರ್ಮಲ್ ಮೋಡ್ ಎಂದು ಕರೆಯುತ್ತಾರೆ. ನಾನಿಲ್ಲಿ ಸಹಜ ಕಂಪನವೆನ್ನುತ್ತೇನೆ. ಗೊಂದಲವೆಂದು ಕಂಡ ಮೊದಲಿನ ಚಲನೆ ಇವೆರಡರ ಬೆರಕೆಯಲ್ಲದೆ ಬೇರೇನೂ ಅಲ್ಲ. ಕಲ್ಲುಗಳ ಬದಲು ಎರಡು ಸಮ ಗುಂಡುಗಳನ್ನು ಎರಡು ಗೋಡೆಗಳ ನಡುವೆ ಮೂರು ಸಮ ಸ್ಪ್ರಿಂಗುಗಳಿಂದ ಬಂಧಿಸಿದರೂ ಅಷ್ಟೆ. ಗುಂಡುಗಳು ಎದುರುಬದುರಾಗಿ ಕಂಪಿಸುವಾಗ ನಡುವಣ ಸ್ಪ್ರಿಂಗೂ ಹಿಗ್ಗಿ ಕುಗ್ಗಬೇಕಾಗಿ ಬಂದು, ಆ ಕಂಪನದ ವೇಗ ಜೊತೆಯ ಕಂಪನದ 1.73ರಷ್ಟಾಗುತ್ತದೆ. ಅದೇ ಸಾಲಿನಲ್ಲಿ ಮೂರು ಗುಂಡುಗಳಿದ್ದರೆ ಮೂರು ಸಹಜ ಕಂಪನಗಳು, ನೂರಿದ್ದರೆ ನೂರು.

ಕೊಡಗಿನ ವಾಚಕರು ಇದಕ್ಕಾಗಿ ಪ್ರಯೋಗಶಾಲೆಗೆ ಹೋಗಬೇಕಾದ್ದಿಲ್ಲ. ಪುತ್ತರಿಯಲ್ಲೂ ಮದುವೆಯಲ್ಲೂ ಹಾಡಿನೊಡನೆ ನುಡಿಸುವ ದುಡಿಗೆ ಎರಡು ಮುಖಗಳು, ನಡು ಕಿರಿದು. ಒಂದು ಮುಖಕ್ಕೆ ಕೋಲು ತಾಗಿದಾಗ ಒಳಗಿನ ಗಾಳಿಯೇ ಸ್ಪ್ರಿಂಗಿನಂತೆ ಕೆಲಸಮಾಡಿ ಮತ್ತೊಂದು ಮುಖವನ್ನೂ ಕದಲಿಸುತ್ತದೆ. ಎರಡು ತೊಗಲುಗಳು ಒಂದೇ ದಿಕ್ಕಿಗೆ ಸರಿಯುವುದು ಒಂದು ಬಗೆ, ಎರಡೂ ಒಳಮುಖವಾಗಿ ಬಾಗಿ ಗಾಳಿಯನ್ನು ಒತ್ತುವುದು ಇನ್ನೊಂದು ಬಗೆ. ಎರಡು ಮುಖದ ವಾದ್ಯಗಳಿಗೆಲ್ಲ ಸಲ್ಲುವ ಮಾತಿದು. ಇಂಥ ವಾದ್ಯಗಳ ಒಳಗುಟ್ಟನ್ನು ವಿಜ್ಞಾನದ ವಿಷಯವಾಗಿ ಪರೀಕ್ಷಿಸಿದ ಮೊದಲಿಗರಲ್ಲಿ ರಾಮನ್ನರು ಪ್ರಮುಖರು.

ಅವರು ಹುಟ್ಟಿದ್ದು 1888ನೆಯ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಉಪಾಧ್ಯಾಯರು, ಪಿಟೀಲನ್ನು ಬಲ್ಲವರು. ಮುಂದೆ ಕೈಹಿಡಿದ ಲೋಕಸುಂದರಿ ಅಮ್ಮಾಳ್ ವೀಣೆಯನ್ನು ಬಲ್ಲವರು. ಬಾಲಕ ರಾಮನ್ನರ ಮನಸ್ಸನ್ನು ಸೆರೆಹಿಡಿದ ಗ್ರಂಥಗಳಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ನಾದವನ್ನು ಕುರಿತು ಬರೆದ ಮಹಾಗ್ರಂಥವೂ ಒಂದು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಮುಗಿಯಿತು. ವಿಜ್ಞಾನದಿಂದ ಹೊಟ್ಟೆ ಹೊರೆಯುವ ಮಾರ್ಗ ಆಗ ನಮ್ಮ ದೇಶದಲ್ಲಿ ಇರಲಿಲ್ಲವೆಂದೇ ಹೇಳಬೇಕು. ಹಣಕಾಸು ಇಲಾಖೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಹತ್ತೊಂಬತ್ತನೆಯ ವಯಸ್ಸಿಗೆ ಕಲ್ಕತ್ತೆಯಲ್ಲಿ ದೊಡ್ಡ ಅಧಿಕಾರಿಯಾದರು.

ಆ ನಗರದ ಬೌಬಜಾರಿನಲ್ಲಿ ಡಾಕ್ಟರ್ ಮಹೇಂದ್ರಲಾಲ್ ಸರ್ಕಾರರು 1876ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂಸ್ಥೆಯೊಂದಿತ್ತು. ಬೆಳಗ್ಗೆ ಕಛೇರಿಗೆ ಮುನ್ನ, ಸಂಜೆ ಕಛೇರಿಯ ಬಳಿಕ ರಾಮನ್ನರು ಅಲ್ಲಿ ಪ್ರಯೋಗಗಳಲ್ಲಿ ಮುಳುಗಿರುತ್ತಿದ್ದರು. ಹತ್ತು ವರ್ಷ ಹೀಗೆಯೇ ನಡೆಯಿತು. ಲೆಕ್ಕಪತ್ರಗಳ ಕೆಲಸ ಅನ್ನಕ್ಕೆ, ತಂತಿಗಳ ಕೆಲಸ ಆತ್ಮಕ್ಕೆ. 1909ರಲ್ಲಿ ಏಕತಾರಿಯನ್ನು ಕುರಿತು ಬರೆದರು. ಆಮೇಲೆ ಕಮಾನಿನಿಂದ ನುಡಿಸುವ ವಾದ್ಯಗಳ ಸರದಿ. ಪಿಟೀಲಿನ ಜಾತಿಯ ದೊಡ್ಡ ವಾದ್ಯಗಳಲ್ಲಿ ಒಂದು ನಿರ್ದಿಷ್ಟ ಸ್ವರವನ್ನು ಎಷ್ಟು ನುರಿತ ಕೈ ನುಡಿಸಿದರೂ ಅದು ನಡುಗಿ ಊಳಿಡುತ್ತದೆ. ಪಾಶ್ಚಾತ್ಯರು ಅದಕ್ಕೆ ತೋಳಸ್ವರವೆಂದು ಹೆಸರಿಟ್ಟಿದ್ದರು. ತಂತಿಯ ಕಂಪನದ ಲಯವೂ ಮರದ ಒಡಲಿನ ಕಂಪನದ ಲಯವೂ ಸರಿಸಮವಾದೆಡೆ ಶಕ್ತಿ ಒಂದರಿಂದೊಂದಕ್ಕೆ ಹರಿದಾಡುತ್ತದೆ, ಆ ಕೊಡುಕೊಳ್ಳುವಿಕೆಯೇ ಈ ಊಳು ಎಂದು 1916ರಲ್ಲಿ ರಾಮನ್ನರು ವಿವರಿಸಿದರು. ಮೇಲೆ ಹೇಳಿದ ಎರಡು ಕಲ್ಲುಗಳ ಆಟವೇ ಇಲ್ಲಿ ತಂತಿಯೂ ಮರವೂ ಆಗಿ ಬಂದಿದೆ.

1917ರಲ್ಲಿ ಸರ್ ಆಶುತೋಷ ಮುಖರ್ಜಿಯವರ ಕರೆಗೆ ಓಗೊಟ್ಟು, ಕಡಮೆ ಸಂಬಳಕ್ಕೆ ಒಪ್ಪಿ, ರಾಮನ್ನರು ಕಲ್ಕತ್ತೆಯ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ಮೃದಂಗದ ರಹಸ್ಯ ಬಯಲಾದದ್ದು ಈ ಕಾಲದಲ್ಲಿ. ಬರಿಯ ತೊಗಲನ್ನು ಬಿಗಿದ ವಾದ್ಯದ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೂಲಸ್ವರ ಒಂದು ಎಂದಿಟ್ಟುಕೊಂಡರೆ ಮೇಲಣವು 1.59, 2.14, 2.30 ಎಂಬಂತೆ ಅಡ್ಡಾದಿಡ್ಡಿಯಾಗಿ ಬೀಳುತ್ತವೆ. ಆದಕಾರಣ ಅಂಥ ವಾದ್ಯದಿಂದ ಸದ್ದು ಬರುತ್ತದೆ, ಶ್ರುತಿ ಬಾರದು. ನಮ್ಮ ಮೃದಂಗದ ಬಲಮುಖದ ನಡುವೆ ಪದರಪದರವಾಗಿ ಹಚ್ಚಿದ ಕಪ್ಪು ಕರಣೆ ಈ ಅಡ್ಡಾದಿಡ್ಡಿಯನ್ನು ತಿದ್ದುತ್ತದೆ. ತೊಗಲಿನ ಒಂಬತ್ತು ಸಹಜ ಕಂಪನಗಳು ಒಂದು, ಒಂದು, ಎರಡು, ಎರಡು, ಮೂರು ಎಂದು ಗುಂಪುಗೂಡಿ, ಒಂದು, ಎರಡು, ಮೂರು, ನಾಲ್ಕು, ಐದರ ಪ್ರಮಾಣದಲ್ಲಿ ಐದೇ ಸ್ವರಗಳಾಗಿ ನಿಲ್ಲುತ್ತವೆ. 1920ರಲ್ಲಿ ಶಿವಕಾಳಿ ಕುಮಾರರೊಡನೆ ಇದರ ಮೊದಲ ವರದಿಯನ್ನು ಪ್ರಕಟಿಸಿದ ರಾಮನ್ನರು, 1934ರಲ್ಲಿ ಬೆಂಗಳೂರಿನಿಂದ ವಿಸ್ತಾರವಾದ ಲೇಖನವನ್ನೇ ಬರೆದರು. ತೊಗಲಿನ ಮೇಲೆ ನುಣ್ಣನೆಯ ಮರಳನ್ನು ಉದುರಿಸಿ, ಕದಲದ ಗೆರೆಗಳ ಮೇಲೆ ಮರಳು ಬಂದು ಕೂಡುವುದನ್ನು ಚಿತ್ರಗಳಲ್ಲಿ ಹಿಡಿದು ತೋರಿಸಿದರು. ಹೆಸರಿಲ್ಲದ ನಮ್ಮ ಕುಶಲಕರ್ಮಿಗಳು ಶತಮಾನಗಳ ಹಿಂದೆ ಕಿವಿಯಿಂದಲೇ ಬಿಡಿಸಿದ್ದ ಗಣಿತದ ಸಮಸ್ಯೆ ಅದು. ಗೊಂದಲದ ಹಿಂದೆ ಬೆರಳೆಣಿಕೆಯ ಶುದ್ಧ ಸ್ವರಗಳಿವೆಯೆಂಬ ನಂಬಿಕೆ ರಾಮನ್ನರ ಮನಸ್ಸಿನಲ್ಲಿ ಬೇರುಬಿಟ್ಟದ್ದು ಇಲ್ಲಿಯೇ ಎಂದು ನಾನು ಭಾವಿಸುತ್ತೇನೆ.

1928ರ ಶೋಧವೂ ಈ ನಾದಕಥೆಯ ಒಂದು ಅಧ್ಯಾಯವೇ. ಅಣುವೆಂಬುದು ಸ್ಪ್ರಿಂಗುಗಳಿಂದ ಕಟ್ಟಿದ ಗುಂಡುಗಳ ಗೊಂಚಲು. ಇಂಗಾಲದ ಡೈ ಆಕ್ಸೈಡಿನಲ್ಲಿ ನಡುವೆ ಒಂದು, ಅತ್ತಿತ್ತ ಎರಡು, ಹೀಗೆ ಮೂರು ಪರಮಾಣುಗಳು ಸಾಲಾಗಿವೆ. ಹೊರಗಿನವೆರಡೂ ಒಮ್ಮೆಗೇ ದೂರ ಸರಿದು ಒಮ್ಮೆಗೇ ಹತ್ತಿರ ಬರುವುದು ಅದರ ಒಂದು ಸಹಜ ಕಂಪನ. ಆಗ ನಡುವಣದು ಅಲುಗಾಡದೆ ನಿಲ್ಲುತ್ತದೆ. ಇಂಥ ಅಣುವಿನ ಮೇಲೆ ಒಂದೇ ಬಣ್ಣದ ಬೆಳಕು ಬಿದ್ದು ಚದರಿದಾಗ ಅದರ ಅತ್ಯಲ್ಪ ಭಾಗ ಅಣುವಿನ ಕಂಪನಕ್ಕೆ ಶಕ್ತಿಯನ್ನು ತೆತ್ತು ಬಣ್ಣ ಬದಲಿಸಿ ಹೊರಬರುತ್ತದೆ. ಎಷ್ಟು ಬದಲಾಯಿತೆಂದು ಅಳೆದರೆ ಅಣುವಿನ ಸ್ವರ ತಿಳಿಯಿತು. ಕೆ.ಎಸ್. ಕೃಷ್ಣನ್ನರೊಡನೆ ದುಡಿದು ರಾಮನ್ನರು ಕಂಡುಹಿಡಿದ ಈ ಪರಿಣಾಮ ಕಣ್ಣಿನಿಂದ ಅಣುವಿನ ನಾದವನ್ನು ಕೇಳುವ ಉಪಾಯ. ಪ್ರಪಂಚದ ಪ್ರಯೋಗಶಾಲೆಗಳೆಲ್ಲ ಇಂದಿಗೂ ಅದನ್ನು ಬಳಸುತ್ತಿವೆ.

1933ರಲ್ಲಿ ರಾಮನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದರು. ಆ ಪೀಠವನ್ನೇರಿದ ಮೊದಲ ಭಾರತೀಯರು ಅವರೇ. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಅದೇ ಕಾಲದಲ್ಲಿ ಹಿಟ್ಲರನ ಆಳಿಕೆಯಿಂದಾಗಿ ಗಟಿಂಗೆನ್ನಿನ ಪೀಠವನ್ನು ಕಳೆದುಕೊಂಡು ಅಲೆಯುತ್ತಿದ್ದ ಮ್ಯಾಕ್ಸ್ ಬಾರ್ನ್‌ರನ್ನು ಆದರದಿಂದ ಕರೆಸಿಕೊಂಡರು. 1935-36ರ ಚಳಿಗಾಲವನ್ನು ಬಾರ್ನ್ ಬೆಂಗಳೂರಿನಲ್ಲಿ ಕಳೆದರು. ಅವರನ್ನು ಖಾಯಂ ಆಗಿ ಇಲ್ಲಿಯೇ ಉಳಿಸಿಕೊಳ್ಳಬೇಕೆಂದು ರಾಮನ್ನರು ಮಾಡಿದ ಪ್ರಯತ್ನ ಸಂಸ್ಥೆಯೊಳಗಿನ ವಿರೋಧದಿಂದ ಕೈಗೂಡಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು. ರಾಮನ್ನರು 1937ರಲ್ಲಿ ನಿರ್ದೇಶಕ ಪದವಿಯನ್ನು ಬಿಟ್ಟು ಪ್ರಾಧ್ಯಾಪಕರಾಗಿ ಮುಂದುವರಿದರು. ಹೀಗೆ ಸ್ನೇಹಿತರಾದವರು ಕೆಲವೇ ವರ್ಷಗಳಲ್ಲಿ ಎದುರಾಳಿಗಳಾಗಿ ನಿಂತರು. ಜಗಳಕ್ಕೆ ಕಾರಣ ವಜ್ರ.

ವಜ್ರವನ್ನು ರಾಮನ್ನರು ಮೋಹಿಸಿದರೆಂದೇ ಹೇಳಬೇಕು. ನೂರಾರು ಹರಳುಗಳನ್ನು ಕೂಡಿಹಾಕಿದ್ದರು. ವಜ್ರದ ತುಂಬ ಒಂದೇ ಜಾತಿಯ ಪರಮಾಣುಗಳು. ಅವು ಒಂದರೊಳಗೊಂದು ಹೊಕ್ಕ ಎರಡು ಜಾಲರಿಗಳಾಗಿ ಹೊಂದಿಕೊಂಡಿವೆ. ಈ ಎರಡು ಜಾಲರಿಗಳು ಎದುರುಬದುರಾಗಿ ತೂಗುವ ಕಂಪನ ಸೆಕೆಂಡಿಗೆ ಸುಮಾರು 40 ಲಕ್ಷ ಕೋಟಿ ಸಲದ್ದು. ಚದರಿದ ಬೆಳಕಿನಲ್ಲಿ ಅದು ಕೂದಲೆಳೆಯಂಥ ಒಂದೇ ತೀಕ್ಷ್ಣ ರೇಖೆಯಾಗಿ ಕಾಣುತ್ತದೆ. ಎರಡು ಗುಂಡುಗಳ ನಮ್ಮ ಮೊದಲ ಉದಾಹರಣೆ ಇಲ್ಲಿ ರತ್ನವಾಗಿ ಹೊಳೆದಿದೆ. ಆದರೆ ಹರಳಿನಲ್ಲಿರುವ ಪರಮಾಣುಗಳು ಎರಡಲ್ಲ, ಎಣಿಕೆಗೆ ಸಿಕ್ಕದಷ್ಟು. ಹಾಗಾದರೆ ಅದರ ಸ್ವರಗಳೆಷ್ಟು?

ಈ ವಾದವನ್ನು ವಿವರಿಸುವಾಗ ನಾನು ತರಗತಿಯಲ್ಲಿ ಪುತ್ತರಿ ಕೋಲಾಟವನ್ನು ನೆನೆಯುವಂತೆ ಹೇಳುತ್ತಿದ್ದೆ. ಊರ ಮಂದಿನಲ್ಲಿ ಇಪ್ಪತ್ತನಾಲ್ಕು ಜನ ವೃತ್ತವಾಗಿ ನಿಂತಿದ್ದಾರೆಂದು ಭಾವಿಸಿ. ಎಲ್ಲರೂ ಒಮ್ಮೆಗೇ ಬಾಗಿ ಒಮ್ಮೆಗೇ ಏಳಬಹುದು. ಒಬ್ಬ ಬಾಗಿದಾಗ ಪಕ್ಕದವನು ಏಳುವಂತೆ ಒಬ್ಬರಬಿಟ್ಟೊಬ್ಬರು ನಡೆಯಬಹುದು. ಇವೆರಡರ ನಡುವೆ ಇನ್ನೂ ಹಲವು ಬಗೆಗಳಿವೆ: ಪ್ರತಿಯೊಬ್ಬನೂ ಪಕ್ಕದವನಿಗಿಂತ ತುಸುವೇ ತಡವಾಗಿ ಬಾಗಿದರೆ ಒಂದು ಅಲೆ ವೃತ್ತದ ಸುತ್ತ ಹರಿಯುತ್ತದೆ. ವೃತ್ತವನ್ನು ಸುತ್ತಿ ಬರುವಷ್ಟರಲ್ಲಿ ತಾಳ ಕೂಡಿಕೊಳ್ಳಬೇಕೆಂಬ ಒಂದೇ ನಿಯಮದಿಂದ ಒಟ್ಟು ಇಪ್ಪತ್ತನಾಲ್ಕು ಬಗೆಗಳು ದೊರೆಯುತ್ತವೆ. ಜನ ಹೆಚ್ಚಿದಷ್ಟೂ ಬಗೆಗಳು ಹೆಚ್ಚಿ, ಒಂದರ ಪಕ್ಕಕ್ಕೊಂದು ಒತ್ತೊತ್ತಾಗುತ್ತವೆ. ಬಾರ್ನ್ ಮತ್ತು ಕಾರ್ಮಾನ್ 1912ರಲ್ಲಿ ಹರಳಿಗೆ ಹಾಕಿದ ಲೆಕ್ಕ ಇದೇ: ಹರಳಿನ ಕೊನೆಯನ್ನು ಮೊದಲಿಗೆ ಜೋಡಿಸಿ ವೃತ್ತವೆಂದು ಎಣಿಸಿ, ಅದರ ಸ್ವರಗಳು ಎಡೆಯಿಲ್ಲದ ಸಾಲಾಗಿ ಹಬ್ಬಿವೆಯೆಂದು ಅವರು ತೀರ್ಮಾನಿಸಿದ್ದರು.

ರಾಮನ್ನರು ಇದನ್ನು ಒಪ್ಪಲಿಲ್ಲ. ನಿಜವಾದ ಹರಳಿಗೆ ಅಂಚುಗಳಿವೆ, ಅದನ್ನು ವೃತ್ತವೆಂದು ಬಗೆಯುವುದು ಸುಳ್ಳು ಎಂಬುದು ಅವರ ಮೊದಲ ಆಕ್ಷೇಪಣೆ. ಅವರ ಮತದಂತೆ ಪಕ್ಕಪಕ್ಕದ ಕೋಶಗಳು ಒಂದೋ ಕೂಡಿ ಕಂಪಿಸಬೇಕು, ಇಲ್ಲವೇ ಎದುರುಬದುರಾಗಿ ಕಂಪಿಸಬೇಕು. ನಡುವಣ ಬಗೆಗಳಿಗೆ ಅಲ್ಲಿ ಎಡೆಯಿಲ್ಲ. ಮೂರು ದಿಕ್ಕುಗಳಲ್ಲಿ ಹೀಗೆ ಎರಡೆರಡು ಸಾಧ್ಯತೆಗಳಿರುವುದರಿಂದ ಒಟ್ಟು ಎಂಟು ಆಯಿತು. ಒಂದು ಕೋಶದಲ್ಲಿರುವ ಪರಮಾಣುಗಳ ಸಂಖ್ಯೆಯನ್ನು 24ರಿಂದ ಗುಣಿಸಿ, ಇಡೀ ಹರಳು ಸ್ಥಳಾಂತರಗೊಳ್ಳುವ ಮೂರು ಚಲನೆಗಳನ್ನು ಕಳೆದರೆ ಸಹಜ ಕಂಪನಗಳ ಲೆಕ್ಕ ಮುಗಿಯಿತು. ವಜ್ರದ ಕೋಶದಲ್ಲಿ ಎರಡು ಪರಮಾಣುಗಳಿರುವುದರಿಂದ 45 ಕಂಪನಗಳು. ಆಕಾರದ ಸಮತೆಯಿಂದ ಅವು ಒಂದರ ಮೇಲೊಂದು ಬಿದ್ದು ಎಂಟೇ ಸ್ವರಗಳಾಗುತ್ತವೆ. ಮೃದಂಗದ ಒಂಬತ್ತು ಕಂಪನಗಳು ಐದು ಸ್ವರಗಳಾದ ರೀತಿಗೂ ಇದಕ್ಕೂ ಇರುವ ಹೋಲಿಕೆಯನ್ನು ಗಮನಿಸಿ. ರಾಮನ್ನರು ವಜ್ರವನ್ನು ವಾದ್ಯವನ್ನು ಕೇಳಿದಂತೆಯೇ ಕೇಳಿದ್ದರು.

1940ರ ದಶಕದಲ್ಲಿ ವಾದ ಕಾವೇರಿತು. ಬೆಂಗಳೂರಿನಲ್ಲಿ ಶಿಷ್ಯ ಆರ್.ಎಸ್. ಕೃಷ್ಣನ್ನರು ಪಾದರಸದ ದೀಪದ ನೇರಳಾತೀತ ಬೆಳಕಿನಿಂದ ವಜ್ರದ ಅತಿ ಮಂದವಾದ ಚದರಿಕೆಯನ್ನು ಹಿಡಿದರು. ಅದರಲ್ಲಿ ಸ್ಪಷ್ಟವಾದ ರೇಖೆಗಳಿದ್ದುವು. ಬೇರೆಲ್ಲಿಯೂ ಅದುವರೆಗೆ ಕಾಣದವು. ತಮ್ಮ ಎಂಟು ಸ್ವರಗಳಿಗೆ ಇದೇ ಸಾಕ್ಷಿಯೆಂದು ರಾಮನ್ನರು ಸಾರಿದರು. ಎಡಿನ್‌ಬರೋದಲ್ಲಿ ಬಾರ್ನರೂ ಅವರ ಶಿಷ್ಯೆ ಹೆಲೆನ್ ಸ್ಮಿತ್ತರೂ ಅದೇ ರೇಖೆಗಳನ್ನು ತಮ್ಮ ಸಿದ್ಧಾಂತದಿಂದಲೇ ವಿವರಿಸಹೊರಟರು. 1954ನೆಯ ವರ್ಷ ರಾಮನ್ನರಿಗೆ ಭಾರತರತ್ನವನ್ನೂ ಬಾರ್ನರಿಗೆ ಅವರ ಬೇರೊಂದು ಕೆಲಸಕ್ಕಾಗಿ ನೊಬೆಲನ್ನೂ ತಂದಿತು; ಬಾರ್ನರು ಹುವಾಂಗ್ ಕುನ್‌ರೊಡನೆ ಬರೆದ ಹರಳಿನ ಕಂಪನಗಳ ಗ್ರಂಥ ಹೊರಬಂದದ್ದೂ ಅದೇ ವರ್ಷ. ಸನ್ಮಾನದಲ್ಲಿ ಇಬ್ಬರೂ ಸಮ. ವಾದದಲ್ಲಿ ಮಾತ್ರ ತಕ್ಕಡಿ ಆಗಲೇ ಬಾರ್ನರ ಕಡೆಗೆ ವಾಲಿತ್ತು.

ತೀರ್ಪು ಬಂದದ್ದು ನ್ಯೂಟ್ರಾನುಗಳಿಂದ. ಹರಳಿನೊಳಗೆ ಹೊಕ್ಕ ನ್ಯೂಟ್ರಾನು ಕಳೆದುಕೊಂಡ ಅಥವಾ ಪಡೆದುಕೊಂಡ ಶಕ್ತಿಯನ್ನೂ ಅದು ತಿರುಗಿದ ಕೋನವನ್ನೂ ಅಳೆದರೆ, ಎಷ್ಟು ಉದ್ದದ ಅಲೆ ಎಷ್ಟು ವೇಗವಾಗಿ ಕಂಪಿಸುತ್ತದೆಂದು ನೇರವಾಗಿ ತಿಳಿಯುತ್ತದೆ. ಕೆನಡಾ ದೇಶದ ಚಾಕ್ ರಿವರಿನಲ್ಲಿ ಬ್ರಾಕ್‌ಹೌಸರು ಈ ವಿಧಾನವನ್ನು ಬೆಳೆಸಿದರು. ಅವರೊಡನೆ ದುಡಿದವರಲ್ಲಿ ನಮ್ಮ ಪಿ.ಕೆ. ಅಯ್ಯಂಗಾರರೂ ಒಬ್ಬರು; ವಜ್ರದ ರಚನೆಯನ್ನೇ ಹೊಂದಿದ ಜರ್ಮೇನಿಯಮ್ಮಿನ ಸಹಜ ಕಂಪನಗಳನ್ನು ಅಳೆದು ಇಬ್ಬರೂ 1958ರಲ್ಲಿ ಪ್ರಕಟಿಸಿದರು. 1960ರ ದಶಕದಲ್ಲಿ ವಜ್ರವನ್ನೂ ಹಾಗೆಯೇ ಅಳೆದಾಯಿತು. ಎಲ್ಲಿಯೂ ಎಡೆಯಿರಲಿಲ್ಲ. ಪಕ್ಕದವನಿಗಿಂತ ತುಸು ತಡವಾಗಿ ಬಾಗುವ ನಡುವಣ ಬಗೆಗಳೆಲ್ಲವೂ ಅಲ್ಲಿ ಇದ್ದುವು. ಹರಳಿನ ಅಂಚುಗಳ ವಿಷಯವೂ ತೊಡಕಾಗಲಿಲ್ಲ. ಪರಮಾಣುಗಳು ಅಷ್ಟು ಅಸಂಖ್ಯವಾಗಿರುವಾಗ ಅಂಚಿನಲ್ಲಿರುವವು ಒಟ್ಟು ಲೆಕ್ಕವನ್ನು ಕದಲಿಸಲಾರವು.

ಹಾಗಾದರೆ ಬೆಂಗಳೂರಿನಲ್ಲಿ ಕಂಡ ರೇಖೆಗಳು ಹುಸಿಯೇ? ಅಲ್ಲ. ಎಡೆಯಿಲ್ಲದ ಆ ಸಾಲಿನಲ್ಲಿ ಸ್ವರಗಳು ಎಲ್ಲೆಡೆಯೂ ಸಮವಾಗಿ ಹರಡಿರುವುದಿಲ್ಲ; ಕೆಲವೆಡೆ ಒತ್ತಾಗಿ ರಾಶಿಬೀಳುತ್ತವೆ. ಹೀಗೆ ರಾಶಿಬೀಳಲೇಬೇಕೆಂಬುದನ್ನು 1953ರಲ್ಲಿ ಫಾನ್ ಹೋವ್ ಎಂಬ ವಿಜ್ಞಾನಿ ಗಣಿತದಿಂದ ಸಿದ್ಧಪಡಿಸಿದರು. ಪಕ್ಕದ ಕೋಶಗಳು ಎದುರುಬದುರಾಗಿ ಕಂಪಿಸುವ, ರಾಮನ್ನರು ಆರಿಸಿದ್ದ ಬಗೆಗಳು ಇಂಥ ರಾಶಿಗಳಿರುವ ತಾಣಗಳಲ್ಲಿಯೇ ಬೀಳುತ್ತವೆ. ಎಂದರೆ ಅವರು ಕೇಳಿದ ಸ್ವರಗಳು ನಿಜವಾದವೇ. ಅವುಗಳ ನಡುವೆ ಇನ್ನೇನೂ ಇಲ್ಲವೆಂದದ್ದು ಮಾತ್ರ ತಪ್ಪು.

ರಾಮನ್ನರು ಕೊನೆಯವರೆಗೂ ಇದನ್ನು ಒಪ್ಪಿಕೊಳ್ಳಲಿಲ್ಲ. 1948ರಲ್ಲಿ ವಿಜ್ಞಾನ ಮಂದಿರದಿಂದ ನಿವೃತ್ತರಾಗಿ, ಮೈಸೂರು ಮಹಾರಾಜರು ಅಕಾಡೆಮಿಗೆ ಕೊಟ್ಟ ಭೂಮಿಯಲ್ಲಿ ತಮ್ಮದೇ ಸಂಶೋಧನಾಲಯವನ್ನು ಕಟ್ಟಿಕೊಂಡ ಮೇಲೂ ಅವರು ಅದೇ ಮತವನ್ನು ಬರೆಯುತ್ತ ಹೋದರು. ಇದರ ನಷ್ಟ ಅವರೊಬ್ಬರಿಗೇ ಆದದ್ದಲ್ಲ. ಅವರ ಶಿಷ್ಯರು ವರ್ಷಗಟ್ಟಲೆ ಕಣ್ಣು ಸೋಲುವಷ್ಟು ದುಡಿದು ಅಳೆದ ಅಳತೆಗಳು ಗುರುವಿನ ಸಿದ್ಧಾಂತದ ಅಂಗಿ ತೊಟ್ಟೇ ಹೊರಬರಬೇಕಾಯಿತು. ಅಂಗಿ ಹರಿದಾಗ ಒಳಗಿನ ಚಿನ್ನವನ್ನೂ ಲೋಕ ಸಂಶಯದಿಂದ ನೋಡಿತು. ದೇಶ ಒಬ್ಬನನ್ನೇ ನೆಚ್ಚಿಕೊಂಡಿದ್ದ ಕಾಲದಲ್ಲಿ ಅವನ ಹಟ ಅವನೊಬ್ಬನ ಹಟವಾಗಿ ಉಳಿಯುವುದಿಲ್ಲ.

ಆದರೂ ಅವರನ್ನು ಹಳಿಯಲು ನನಗೆ ಮನಸ್ಸಾಗದು. ಯಾರೂ ಒಪ್ಪದಿದ್ದಾಗಲೂ ತನ್ನ ಕಿವಿಯನ್ನು ನಂಬುವ ಛಲವಿಲ್ಲದಿದ್ದರೆ ಹತ್ತೊಂಬತ್ತು ವರ್ಷದ ಲೆಕ್ಕಾಧಿಕಾರಿ ಬೌಬಜಾರಿನ ಬಾಗಿಲನ್ನು ತಟ್ಟುತ್ತಿರಲಿಲ್ಲ, ಮೃದಂಗದ ಕರಣೆಯಲ್ಲಿ ಗಣಿತವನ್ನು ಕಾಣುತ್ತಿರಲಿಲ್ಲ, ಚದರಿದ ಬೆಳಕಿನ ಒಂದು ಎಳೆಯನ್ನು ಏಳು ವರ್ಷ ಬೆನ್ನಟ್ಟುತ್ತಿರಲಿಲ್ಲ. ಆ ಛಲವೇ ವಜ್ರದ ಮುಂದೆ ಅವರನ್ನು ಕಿವುಡಾಗಿಸಿತು. ಗುಣವನ್ನೂ ದೋಷವನ್ನೂ ಎರಡು ಬುಟ್ಟಿಗಳಲ್ಲಿ ಬೇರ್ಪಡಿಸಿ ಇಡಬಹುದೆಂದು ನಂಬುವವರು ದೊಡ್ಡವರ ಚರಿತ್ರೆಯನ್ನು ಬರೆಯದಿರುವುದೇ ಲೇಸು.

1970ನೆಯ ನವೆಂಬರ್ 21ರಂದು, 82ನೆಯ ವಯಸ್ಸಿನಲ್ಲಿ ರಾಮನ್ನರು ಬೆಂಗಳೂರಿನಲ್ಲಿ ಕಾಲವಾದರು. ಸಂಶೋಧನಾಲಯದ ತೋಟದಲ್ಲಿಯೇ ದಹನಕ್ರಿಯೆ ನಡೆಯಿತು; ಆ ಸ್ಥಳದಲ್ಲಿ ಸ್ಮಾರಕದ ಬದಲು ಒಂದು ಮರವನ್ನು ನೆಟ್ಟರು. 1987ರಿಂದ ಫೆಬ್ರವರಿ 28 ನಮಗೆ ರಾಷ್ಟ್ರೀಯ ವಿಜ್ಞಾನ ದಿನ. ಶಾಲೆಗಳಲ್ಲಿ ಅಂದು ಸಮುದ್ರದ ನೀಲಿಯ ಕಥೆಯನ್ನು ಹೇಳುವ ಉಪಾಧ್ಯಾಯರು ಮೃದಂಗದ ಕಥೆಯನ್ನೂ ಹೇಳಲಿ, ವಜ್ರದ ಕಥೆಯನ್ನು ಬಿಡದೆ ಹೇಳಲಿ. ನೊಬೆಲ್ ಪಡೆದ ಗುರುವಿನ ಮಾತನ್ನೂ ಒಂದು ನ್ಯೂಟ್ರಾನಿನ ಅಳತೆ ತಳ್ಳಿಹಾಕಬಲ್ಲದೆಂದು ತಿಳಿದ ಹುಡುಗ ರಾಮನ್ನರ ಮೇಲಣ ಗೌರವವನ್ನು ಕಳೆದುಕೊಳ್ಳುವುದಿಲ್ಲ; ತಾನೂ ಅಳೆದು ನೋಡಬಹುದೆಂಬ ಧೈರ್ಯವನ್ನು ಪಡೆಯುತ್ತಾನೆ.